ಎರಡು ಕಡಲುಗಳ ಊರು

ಧಾರವಾಡದ ಉಳವಿ ಚನ್ನಬಸವೇಶ್ವರ ಗುಡಿಯನ್ನು ಕುರಿತು ಊರವರು ಹೇಳುವ ಮಾತೊಂದುಂಟು. ಗುಡಿಯ ಪೂರ್ವಕ್ಕೆ ಬಿದ್ದ ಮಳೆಹನಿ ಬಂಗಾಲ ಉಪಸಾಗರವನ್ನೂ, ಪಶ್ಚಿಮಕ್ಕೆ ಬಿದ್ದ ಹನಿ ಅರಬ್ಬೀ ಸಮುದ್ರವನ್ನೂ ಸೇರುತ್ತದೆಯಂತೆ! ಒಂದೇ ಮೋಡದ ಮಕ್ಕಳು ಹೀಗೆ ಪಾಲಾಗಿ ಹೋಗುವ ಈ ಕಥೆಯನ್ನು ಪರಊರಿನ ಬೀಗರಿಗೆ ಹೇಳುವಾಗ ಧಾರವಾಡದವರ ಮೋರೆ ಪೇಡೆ ತಿಂದಷ್ಟೇ ಅರಳುತ್ತದೆ. ಅಂಗಳದ ಲೆಕ್ಕ ಹೇಗೇ ಇರಲಿ, ಊರಂತೂ ನಿಜವಾಗಿಯೇ ನೀರನ್ನು ಇಬ್ಭಾಗಿಸುವ ದಿಣ್ಣೆಯ ಮೇಲೆ ಕುಳಿತಿದೆ.

ಪಶ್ಚಿಮದ ನೀರಿನ ಯಾತ್ರೆಯನ್ನು ಕಾಣಬೇಕಾದರೆ ಸೋಮೇಶ್ವರ ದೇವಾಲಯಕ್ಕೆ ಹೋಗಬೇಕು. ಶಾಲ್ಮಲೆಯ ಉಗಮ ಅಲ್ಲಿ. ಗಂಗೋತ್ರಿಯ ವೈಭವವನ್ನು ನೆನೆದು ಹೋದವರಿಗೆ ನಿರಾಸೆಯಾದೀತು. ಅಲ್ಲಿರುವುದು ಸಂಕೋಚದ ಒಂದು ಒರತೆ. ಆದರೆ ಈ ಸಂಕೋಚದ ಹುಡುಗಿಯೇ ಕಲಘಟಗಿಯ ಕಡೆ ಬೇಡ್ತಿಯಾಗಿ ಬೆಳೆದು, ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಕಮರಿಗೆ ಸುಮಾರು 200 ಮೀಟರ್ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಕಡಲನ್ನು ಕೂಡುತ್ತಾಳೆ. ಸಾಹಸಪ್ರಿಯರಾದ ತರುಣರು ಆಷಾಢದ ಜಿಟಿಜಿಟಿ ಮಳೆಯಲ್ಲಿ ಸೈಕಲ್ಲೇರಿ ಈ ನೀರಿನ ಬೆನ್ನುಹತ್ತಿ ನೋಡಬೇಕು. ಹಸಿವಾದರೆ ದಾರಿಯಲ್ಲಿ ಗಿರಮಿಟ್ಟು, ಮಿರ್ಚಿಭಜಿ ಉಂಟು. ಕೆಸರಿಗೆ ಅಂಜಬೇಕಾಗಿಲ್ಲ; ಧಾರವಾಡದ ಕೆಮ್ಮಣ್ಣು ಕಾಲಿಗೆ ಹತ್ತಿದರೂ ಬಿಡುತ್ತದೆ. ಹುಬ್ಬಳ್ಳಿಯಾಚೆಯ ಎರೆಮಣ್ಣು ಮಾತ್ರ ಚಪ್ಪಲಿಯನ್ನು ತಾನಿಟ್ಟುಕೊಂಡು ನಿಮ್ಮನ್ನು ಕಳಿಸಿಕೊಡುತ್ತದೆ.

ಪೂರ್ವದ ಪಾಲು ಹೆಸರಿನಲ್ಲಿಯೇ ಸಮೃದ್ಧ: ತುಪ್ಪರಿಹಳ್ಳ, ಬೆಣ್ಣೆಹಳ್ಳ! ಬೇಸಗೆಯಲ್ಲಿ ಮಜ್ಜಿಗೆಯಷ್ಟೂ ಕಾಣದ ಇವು ಮಳೆಗಾಲದಲ್ಲಿ ಉಕ್ಕಿ ನವಲಗುಂದದ ಕಡೆಯ ಹೊಲಗಳನ್ನು ನುಂಗುವುದುಂಟು. ಕೊನೆಗೆ ಮಲಪ್ರಭೆಗೆ ಬಿದ್ದು ಕೃಷ್ಣೆಯ ಕೈಹಿಡಿಯುತ್ತವೆ.

ಇಷ್ಟೆಲ್ಲ ನೀರಿಗೆ ತವರಾದ ಅವಳಿ ನಗರದ ಮನೆಯಂಗಳದಲ್ಲಿ ಇಂದಿಗೂ ‘ನಳ ಬಂತು’ ಎಂಬ ಕೂಗಿಗಿರುವ ಮಹತ್ವ ಬೇರಾವ ಸುದ್ದಿಗೂ ಇಲ್ಲ. ಮನೆಯಲ್ಲಿ ಶುಭಕಾರ್ಯವೆಂದರೆ ಪಂಚಾಂಗದ ಜೊತೆಗೆ ನಳದ ಪಾಳಿಯನ್ನೂ ನೋಡುವ ಗೃಹಿಣಿಯರಿದ್ದಾರೆ! 1955ರಲ್ಲಿ ಬೇಡ್ತಿಗೆ ಅಡ್ಡಲಾಗಿ ಕಟ್ಟಿದ ನೀರಸಾಗರವನ್ನು ಊರು ಬಹುಕಾಲ ನೆಚ್ಚಿತ್ತು. 2017ರ ಹೊತ್ತಿಗೆ ಅದರ ತಳವೇ ಕಂಡಿತು. 2019ರ ಆಗಸ್ಟ್ ಮಳೆಗೆ ಮತ್ತೆ ತುಂಬಿತು. ಈಗ ಮುಖ್ಯ ಆಸರೆಯೆಂದರೆ ಸವದತ್ತಿಯ ಜಲಾಶಯದಿಂದ ಯಂತ್ರಗಳು ಎತ್ತಿ ತಳ್ಳುವ ಮಲಪ್ರಭೆಯ ನೀರು. ಊರೊಳಗಿನ ಕೆರೆಗಳ ಪಾಡನ್ನು ಏನೆಂದು ಹೇಳುವುದು? ಉಣಕಲ್ಲಿನಲ್ಲಿಯೂ ಕೆಲಗೇರಿಯಲ್ಲಿಯೂ ಬಚ್ಚಲ ನೀರುಂಡು ಅಂತರಗಂಗೆ ಹಬ್ಬಿದುದನ್ನು ದೂರದಿಂದ ನೋಡಿ, ಹಸಿರು ಹುಲ್ಲುಗಾವಲೆಂದು ಮೆಚ್ಚಿದ ಪ್ರವಾಸಿಗರೂ ಇದ್ದಾರು.

ಮರಗಳ ಕಥೆಯೂ ಇದೇ. ಎರಡು ನಗರಗಳ ನಡುವಿನ ಸುಮಾರು 20 ಕಿಲೋಮೀಟರ್ ಹಾದಿಯನ್ನು ತ್ವರಿತ ಬಸ್ಸಿಗಾಗಿ ಅಗಲಮಾಡಿದಾಗ ಹಳೆಯ ಮರಗಳು ಉರುಳಿದವು. 2018ರಿಂದ ಓಡುತ್ತಿರುವ ಆ ಬಸ್ಸು ವೇಗವಾಗಿದೆ, ತಂಪಾಗಿಯೂ ಇದೆ, ಒಳಗೆ ಕುಳಿತವರಿಗೆ.

ಇದೇ ಬೇಡ್ತಿಗೆ ಮಾಗೋಡಿನ ಬಳಿ ವಿದ್ಯುತ್ ಯೋಜನೆಯೊಂದು ಬರಲಿದ್ದಾಗ, ಶಿರಸಿಯ ಅಡಿಕೆ ತೋಟಿಗರು 1981ರಲ್ಲಿ ತಜ್ಞರನ್ನು ಕರೆಸಿ ಲಾಭನಷ್ಟದ ಲೆಕ್ಕವನ್ನು ಎದುರೆದುರೇ ಬಿಡಿಸಿದರು. ಯೋಜನೆ ಮೂಲೆ ಸೇರಿತು. ಹೊಳೆಯ ಕೆಳಗಿನವರು ಇಷ್ಟು ಮಾಡಿರುವಾಗ ತಲೆಯ ಬಳಿ ಇರುವ ನಾವು ಮಳೆಯ ಸೊಗಸನ್ನಷ್ಟೇ ಹೊಗಳುತ್ತ ಕುಳಿತರೆ ಹೇಗೆ?

ಶ್ರಾವಣ ಸೋಮವಾರ ಸೋಮೇಶ್ವರನಿಗೆ ಕೈಮುಗಿಯಲು ಹೋಗುವವರು, ಕಾಯಿ ಒಡೆಸಿಕೊಂಡು ಹಾಗೆಯೇ ಹಿಂದಿರುಗದೆ, ಒರತೆಯ ಬಳಿ ಒಂದಿಷ್ಟು ನಿಂತು ನೀರು ಎಷ್ಟಿದೆ, ಯಾವ ಬಣ್ಣದ್ದಿದೆ ಎಂದು ನೋಡಿ ಬರಬಹುದು. ಅಲ್ಲಿಂದ ಅದಕ್ಕೆ ಕಡಲಿಗೆ ಇನ್ನೂ ಸುಮಾರು 160 ಕಿಲೋಮೀಟರ್ ಹಾದಿಯಿದೆ.