ಕೊಯಾಲಿಯ ಬಾಲ್ಕನಿಯಲ್ಲಿ ಮೂರು ಹಂಗಾಮಿನ ಹೂಬುಟ್ಟಿ

ಬೆಂಗಳೂರಿನ ಬಾಲ್ಕನಿಯಲ್ಲಿ ಪೆಟೂನಿಯಾ ತೂಗುಹಾಕಿದವರಿಗೆ ಅರ್ಧ ಕೆಲಸವನ್ನು ಊರಿನ ಹವೆಯೇ ಮಾಡಿಕೊಡುತ್ತದೆ. ಅದೇ ಬುಟ್ಟಿಯನ್ನು ವಡೋದರಾ ಪಕ್ಕದ ಕೊಯಾಲಿಯಲ್ಲಿ, ಮೇ ತಿಂಗಳಲ್ಲಿ ಕೊಂಡಿಗೆ ಸಿಕ್ಕಿಸಿದರೆ ಕಥೆಯೇ ಬೇರೆ. ಬೆಳಿಗ್ಗೆ ಕಳೆಕಳೆಯಾಗಿದ್ದ ಗಿಡ ಮಧ್ಯಾಹ್ನಕ್ಕೆ ಸೊರಗಿರುತ್ತದೆ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ದಿನಗಳು ಅಲ್ಲಿ ಅಪರೂಪವಲ್ಲ, ಜೊತೆಗೆ ಒಣ ಬಿಸಿಗಾಳಿ.

ಕೊಯಾಲಿ ಎಂದರೆ ಇಂಡಿಯನ್ ಆಯಿಲ್‌ನ ಗುಜರಾತ್ ರಿಫೈನರಿ. 1965ರಲ್ಲಿ ಅದು ಕೆಲಸ ಶುರುಮಾಡಿದ ಮೇಲೆ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ನೌಕರಿಯ ಮೇಲೆ ಇಂಥ ಊರಿಗೆ ಬರುವವರು ಹೂಗಿಡ ಸಾಕುವ ರೂಢಿಯನ್ನು ತಮ್ಮೂರಿನಿಂದಲೇ ತರುತ್ತಾರೆ. ಬದಲಾಗಬೇಕಾದದ್ದು ಆ ರೂಢಿಯ ಪಂಚಾಂಗ. ವರ್ಷವಿಡೀ ಒಂದೇ ಗಿಡ ಉಳಿಸಿಕೊಳ್ಳಲು ಹೆಣಗುವ ಬದಲು ಹಂಗಾಮಿಗೊಂದು ಗಿಡ ಹಾಕುವುದು ಅಲ್ಲಿ ಸರಿಯಾದ ದಾರಿ.

ತೂಗುಬುಟ್ಟಿಯ ಕಷ್ಟ ನೆಲದ ಗಿಡಕ್ಕಿಲ್ಲ. ಒಂದಡಿ ಅಗಲದ ಬುಟ್ಟಿಯಲ್ಲಿ ಹಿಡಿಯುವುದು ಹೆಚ್ಚೆಂದರೆ ಆರೇಳು ಲೀಟರ್ ಮಣ್ಣು. ಅದರ ಸುತ್ತಲೂ, ತಳದಲ್ಲೂ ಗಾಳಿಯಾಡುತ್ತದೆ. ನಾರಿನ ಹೊದಿಕೆಯಿದ್ದರಂತೂ ಬದಿಯಿಂದಲೇ ನೀರು ಆರುತ್ತದೆ. ಭಾರ ಕಡಿಮೆ ಮಾಡಲು ಹಾಕುವ ಕೊಕೊಪೀಟ್ ಪೂರ್ತಿ ಒಣಗಿದರೆ ಕುಗ್ಗಿ ಅಂಚು ಬಿಡುತ್ತದೆ. ಆಮೇಲೆ ಮೇಲಿನಿಂದ ಎಷ್ಟು ಸುರಿದರೂ ನೀರು ಆ ಸಂದಿನಲ್ಲಿ ಜಾರಿ ಕೆಳಗಿಳಿಯುತ್ತದೆ, ಬೇರಿಗೆ ತಲುಪುವುದೇ ಇಲ್ಲ. ಆಗ ಬುಟ್ಟಿಯನ್ನು ಇಳಿಸಿ, ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿಡಬೇಕು. ಕೊಕೊಪೀಟ್, ಎರೆಗೊಬ್ಬರ ಮತ್ತು ಒಂದಿಷ್ಟು ಕೆಂಪು ಮಣ್ಣು ಬೆರೆಸಿದರೆ ತೇವ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ನೀರು ಬೇಕೇ ಬೇಕು.

ವಡೋದರಾದ ಹವೆಗೂ ಬೆಂಗಳೂರಿನ ಹವೆಗೂ ಇರುವ ಅಂತರವನ್ನು ಕೆಲಸ ಮಾಡಿಯೇ ಅರಿತಿದ್ದ ಒಬ್ಬ ತೋಟಗಾರ ಕನ್ನಡಿಗರಿಗೆ ಪರಿಚಿತರು: ಜರ್ಮನಿಯಲ್ಲಿ 1865ರಲ್ಲಿ ಹುಟ್ಟಿದ ಜಿ. ಎಚ್. ಕೃಂಬಿಗಲ್. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದ ಅವರು 1893ರಲ್ಲಿ ಭಾರತಕ್ಕೆ ಬಂದು ಮೊದಲು ಸೇರಿದ್ದು ಬರೋಡಾ ಸಂಸ್ಥಾನವನ್ನು. ಲಾಲ್‌ಬಾಗಿನ ಹೊಣೆ ಅವರ ಕೈಗೆ ಬಂದದ್ದು 1908ರಲ್ಲಿ. ಇಂದು ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಗಾಜಿನ ಮನೆಯತ್ತ ಜನಜಾತ್ರೆ ಹರಿಯುವ ಆ ತೋಟಕ್ಕೂ ಬರೋಡಾಕ್ಕೂ ಹೀಗೊಂದು ನಂಟಿದೆ.

ಕೊಯಾಲಿಯ ಪೆಟೂನಿಯಾ ಕಾಲ ಚಳಿಗಾಲ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬೀಜ ಬಿತ್ತಬೇಕು. ಬೀಜ ಧೂಳಿನಷ್ಟು ಸಣ್ಣದು, ಒಂದು ಗ್ರಾಮಿಗೆ ಸಾವಿರಾರು. ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚಬಾರದು. ಸಸಿ ಗೇಣುದ್ದವಾಗುವ ಮೊದಲೇ ತುದಿ ಚಿವುಟಿದರೆ ನಾಲ್ಕಾರು ಕವಲೊಡೆದು ಬುಟ್ಟಿಯ ಅಂಚಿನಿಂದ ಇಳಿಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ತೆಳುವಾದ ದ್ರವಗೊಬ್ಬರ, ಬಾಡಿದ ಹೂವನ್ನು ತೊಟ್ಟುಸಮೇತ ಕೀಳುವುದು, ಇಷ್ಟೇ ಉಪಚಾರ.

ಬೀಜ ಕೊಳ್ಳುವಾಗ ತಳಿ ನೋಡಿಯೇ ಕೊಳ್ಳಬೇಕು. ಸಾಧಾರಣ ಪೆಟೂನಿಯಾ ಪೊದೆಯಾಗಿ ನೆಟ್ಟಗೆ ಬೆಳೆಯುತ್ತದೆ, ಜೋತಾಡುವುದಿಲ್ಲ. ಜೋತಾಡುವ ತಳಿಗಳನ್ನು ಜನಪ್ರಿಯಗೊಳಿಸಿದ್ದು, ಅಚ್ಚರಿಯೆನಿಸಿದರೂ, ಜಪಾನಿನ ಮದ್ಯ ಕಂಪನಿಗಳು. ಸನ್‌ಟೋರಿಯ ಸರ್ಫೀನಿಯಾ 1989ರಲ್ಲಿ ಮಾರುಕಟ್ಟೆಗೆ ಬಂತು. ಕಿರಿನ್ ಬೆಳೆಸಿದ ಪರ್ಪಲ್ ವೇವ್‌ಗೆ 1995ರಲ್ಲಿ ಆಲ್ ಅಮೆರಿಕಾ ಸೆಲೆಕ್ಷನ್ಸ್ ಪ್ರಶಸ್ತಿ ದೊರೆಯಿತು. ಹೈಬ್ರಿಡ್ ಬೀಜದ ವಿದ್ಯೆಯಲ್ಲಿ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಮನಮೋಹನ ಅತ್ತಾವರ್ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆರಂಭಿಸಿದ್ದು 1965ರಲ್ಲಿ, ಕೊಯಾಲಿ ರಿಫೈನರಿ ಶುರುವಾದ ವರ್ಷವೇ. ಹೈಬ್ರಿಡ್ ಬೀಜಕ್ಕಾಗಿ ಹೂವಿನ ಕೇಸರ ಕಿತ್ತು, ಕೈಯಿಂದಲೇ ಪರಾಗ ಮುಟ್ಟಿಸಬೇಕಾಗುತ್ತದೆ. ಪೊಟ್ಟಣದ ಬೆಲೆ ಹೆಚ್ಚಾಯಿತೆಂದು ಗೊಣಗುವ ಮುನ್ನ ಆ ಶ್ರಮವನ್ನು ನೆನೆಯುವುದು ನ್ಯಾಯ.

ಪೆಟೂನಿಯಾ ಮೈತುಂಬ ಅರಳುವ ಜನವರಿಯಲ್ಲೇ ಉತ್ತರಾಯಣ ಬರುತ್ತದೆ. ಅಂದು ಗುಜರಾತಿನ ಮಹಡಿಗಳೆಲ್ಲ ಗಾಳಿಪಟದವರದು. ತಾರಸಿಯಂಚಿನ ಬುಟ್ಟಿಗಳನ್ನು ಹಿಂದಿನ ದಿನವೇ ಒಳಗಿಟ್ಟರೆ ಮಾಂಜಾ ದಾರ ಗಿಡಕ್ಕೆ ಸುತ್ತಿಕೊಳ್ಳುವ ತಾಪತ್ರಯ ತಪ್ಪುತ್ತದೆ.

ಮಾರ್ಚ್ ಕಳೆಯುತ್ತಿದ್ದಂತೆ ಪೆಟೂನಿಯಾ ಸೋಲುತ್ತದೆ. ಆ ಜಾಗಕ್ಕೆ ಟೇಬಲ್ ರೋಸ್ ಎಂದು ನಾವು ಕರೆಯುವ ಪೋರ್ಚುಲಾಕ ಬರಬೇಕು. ಇದರ ದಪ್ಪ ಎಲೆ, ರಸಭರಿತ ಕಾಂಡಗಳೇ ನೀರಿನ ತೊಟ್ಟಿಗಳು. ತೀರಾ ಒಣಗಿದಾಗ ರಾತ್ರಿ ಹೊತ್ತು ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುವ ಶಕ್ತಿಯೂ ಇದಕ್ಕಿದೆ. ಹಾಗಾಗಿ ಹಗಲಿನ ಬಿಸಿಲಲ್ಲಿ ನೀರು ಕಳೆದುಕೊಳ್ಳುವುದು ಕಡಿಮೆ. ಬೆರಳುದ್ದದ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ನೆರಳಿನಲ್ಲಿ ಮಾತ್ರ ಮೊಗ್ಗು ಬಿರಿಯದು. ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೀಳುವ ಕಡೆಯೇ ಅದಕ್ಕೆ ಹಿತ. ಕೊಯಾಲಿಯ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಗಿಡ ಹುಡುಕುವುದು ಕಷ್ಟ.

ಮಳೆ ಹಿಡಿದ ಮೇಲೆ ಅಪಾಯ ತಿರುಗುಮುರುಗು. ನೀರು ನಿಂತರೆ ಪೋರ್ಚುಲಾಕದ ಕಾಂಡ ಕೊಳೆಯುವುದರಿಂದ ಅದನ್ನು ಸೂರಿನಡಿಗೆ ಸರಿಸಿ, ಬುಟ್ಟಿಯ ತೂತುಗಳು ಕಟ್ಟಿವೆಯೇ ಎಂದು ನೋಡಬೇಕು. ನೆಂದ ಬುಟ್ಟಿ ಹಲವು ಕಿಲೋ ತೂಗುವುದರಿಂದ ಕೊಂಡಿ, ಸರಪಳಿಗಳ ತುಕ್ಕು ಪರೀಕ್ಷಿಸುವುದೂ ಈಗಲೇ. ಖಾಲಿಯಾದ ಕೊಂಡಿಗೆ ಹಬ್ಬುವ ಜಾತಿಯ ಟೊರೇನಿಯಾ ಹಾಕಬಹುದು. ಅರೆನೆರಳು, ತೇವ ಎರಡೂ ಅದಕ್ಕೆ ಇಷ್ಟ. ಗೆಣ್ಣಿರುವ ತುಂಡು ಒದ್ದೆ ಮಣ್ಣಿಗೆ ತಾಗಿದರೆ ಸಾಕು, ಬೇರು ಬಿಟ್ಟು ಇನ್ನೊಂದು ಬುಟ್ಟಿಗೂ ಸಸಿಯಾಗುತ್ತದೆ.