ಬಿಸಿನೀರು ತಡೆದು ನಿಂತದ್ದೆಲ್ಲಿ?

"ತಾತ, ಅಜ್ಜಿ ತಣ್ಣೀರಲ್ಲೇ ಸ್ನಾನ ಮಾಡ್ತಿದ್ದಾರೆ!"

ತುಮಕೂರಿನ ಸದಾಶಿವನಗರದ ನಮ್ಮ ಮನೆಯಲ್ಲಿ ಡಿಸೆಂಬರ್‌ನ ಒಂದು ಬೆಳಗ್ಗೆ ಮೊಮ್ಮಗಳು ತಂದ ದೂರು ಇದು. ನಲ್ಲಿಯಲ್ಲಿ ಬರುತ್ತಿದ್ದ ಅಷ್ಟಿಷ್ಟು ಬೆಚ್ಚನೆಯ ನೀರನ್ನು ಶಾಲೆಗೆ ಹೋಗುವ ಮಕ್ಕಳಿಗೆ ಬಿಟ್ಟು, ಮಂಡಿನೋವಿನ ಅಜ್ಜಿ ಯಾರಿಗೂ ಹೇಳದೆ ಸುಮ್ಮನಿದ್ದಳು.

ತಾರಸಿ ರಿಪೇರಿಗೆಂದು ಬಿಚ್ಚಿದ್ದ ಸೋಲಾರ್ ವಾಟರ್ ಹೀಟರನ್ನು ಮತ್ತೆ ಜೋಡಿಸಿದ ಮೇಲೆ ಶುರುವಾದ ತೊಂದರೆ ಇದು. ಜೋಡಿಸಿದವರು "ಪ್ಯಾನೆಲ್ ಹಳೇದು, ಹೊಸದು ಹಾಕಿಸಿ" ಎಂದರು. ದುಡ್ಡು ಕೊಡುವ ಮುಂಚೆ ನಾವೇ ಒಮ್ಮೆ ನೋಡೋಣವೆಂದು ಮೊಮ್ಮಗಳೂ ನಾನೂ ತಾರಸಿ ಹತ್ತಿದೆವು.

ಸೌದೆ ಒಲೆಯ ಹಂಡೆ ಕಂಡವರಿಗೆ ಗೊತ್ತು: ಬೆಂಕಿ ಕೆಳಗಿದ್ದರೂ ಮೇಲಿನ ನೀರೇ ಹೆಚ್ಚು ಬಿಸಿ. ಕಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ನಮ್ಮ ಸೋಲಾರ್‌ನಲ್ಲೂ ಅಷ್ಟೇ, ಪಂಪ್ ಇಲ್ಲ. ಪ್ಯಾನೆಲ್‌ನ ತಾಮ್ರದ ಕೊಳವೆಗಳಲ್ಲಿ ಕಾದ ನೀರು ತಾನಾಗಿ ಏರಿ ಟ್ಯಾಂಕ್ ಸೇರುತ್ತದೆ. ಟ್ಯಾಂಕಿನ ತಳದ ತಣ್ಣೀರು ಪ್ಯಾನೆಲ್‌ನ ಬುಡಕ್ಕೆ ಇಳಿಯುತ್ತದೆ. ಅದಕ್ಕೇ ಟ್ಯಾಂಕ್ ಪ್ಯಾನೆಲ್‌ಗಿಂತ ಎತ್ತರದಲ್ಲಿರಬೇಕು.

ಮೊದಲು ದಿಕ್ಕು ನೋಡಿದೆವು. ಮಧ್ಯಾಹ್ನ ಕೋಲು ನೆಟ್ಟಾಗ ನೆರಳು ಉತ್ತರಕ್ಕೆ ಬಿತ್ತು. ಅಂದರೆ ಸೂರ್ಯ ದಕ್ಷಿಣದಲ್ಲಿ. ತುಮಕೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಡಿಸೆಂಬರ್ ಕೊನೆಯ ನಡುಹಗಲಲ್ಲೂ ಸೂರ್ಯ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ನಮ್ಮ ಪ್ಯಾನೆಲ್ ದಕ್ಷಿಣಕ್ಕೇ ವಾಲಿತ್ತು. ತೆಂಗಿನಮರದ ನೆರಳೂ ಬೀಳುತ್ತಿರಲಿಲ್ಲ.

ಆಮೇಲೆ ಪ್ಯಾನೆಲ್‌ನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ನಾನು ದಪ್ಪ ಬಟ್ಟೆ ಸುತ್ತಿದ ಕೈಯಲ್ಲಿ ಮುಟ್ಟಿದೆ. ಪ್ಯಾನೆಲ್ ಕಡೆ ಸುಡುಸುಡು, ಟ್ಯಾಂಕ್ ಕಡೆ ತಣ್ಣಗೆ!

"ಹಾಗಾದರೆ ಪ್ಯಾನೆಲ್ ಕೆಟ್ಟಿಲ್ಲ ತಾತ, ನೀರು ನಡೀತಿಲ್ಲ" ಎಂದಳು ಮೊಮ್ಮಗಳು.

ಗಾರೆಯವರು ಮಟ್ಟ ನೋಡುವಂತೆ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಅಳೆದೆವು. ಪೈಪು ಒಂದೇ ಸಮ ಏರುವ ಬದಲು ನಡುವೆ ಒಂಟೆಯ ಡುಬ್ಬದಂತೆ ಎದ್ದು, ಮತ್ತೆ ಇಳಿದು ಟ್ಯಾಂಕ್ ಸೇರಿತ್ತು. ನೀರು ಕಾಯುವಾಗ ಅದರಲ್ಲಿ ಕರಗಿದ್ದ ಗಾಳಿ ಗುಳ್ಳೆಯಾಗಿ ಹೊರಡುತ್ತದೆ. ಆ ಗಾಳಿ ಡುಬ್ಬದಲ್ಲಿ ಸೇರಿಕೊಂಡು ದಾರಿ ಕಟ್ಟಿತ್ತು. ಚಳಿ ದೇಶಗಳಲ್ಲಿ ಮನೆ ಬೆಚ್ಚಗಿರಲೆಂದು ನೆಲದಡಿ ಬಿಸಿನೀರಿನ ಪೈಪು ಹಾಸುತ್ತಾರೆ. ಅಲ್ಲೂ ಹೀಗೆ ಗಾಳಿ ಸಿಕ್ಕಿಕೊಂಡರೆ ಒಂದು ಕೋಣೆಯ ನೆಲ ತಣ್ಣಗೇ ಉಳಿಯುತ್ತದೆ.

ಪ್ಲಂಬರ್ ಪೈಪು ಕತ್ತರಿಸಿ, ಉದ್ದಕ್ಕೂ ಏರುವಂತೆ ಜೋಡಿಸಿದರು. ಅರ್ಧ ದಿನದ ಕೆಲಸ. ಹೊಸ ಪ್ಯಾನೆಲ್ ಬೇಕಾಗಲೇ ಇಲ್ಲ.

ನಿಮ್ಮ ಮನೆಯಲ್ಲಿ ಸಂಜೆ ಬಿಸಿಯಿದ್ದ ನೀರು ಬೆಳಗ್ಗೆ ತಣ್ಣಗಾದರೆ, ಟ್ಯಾಂಕಿನ ಹಾಗೂ ಪೈಪಿನ ಹೊದಿಕೆ ನೋಡಿಸಿ. ಬೋರ್‌ವೆಲ್‌ನ ಗಡಸು ನೀರಾದರೆ ಕೊಳವೆಯೊಳಗೆ ಸುಣ್ಣದಂಥ ಪದರ ಕಟ್ಟಿದೆಯೇ ಎಂದೂ ಕೇಳಿ. ಮಕ್ಕಳೇ, ದೊಡ್ಡವರಿಲ್ಲದೆ ತಾರಸಿ ಹತ್ತಬೇಡಿ. ಬಿಸಿ ಪೈಪು ಕೈ ಸುಡುತ್ತದೆ.

ಎರಡು ದಿನ ಒಳ್ಳೆಯ ಬಿಸಿಲು ಬಿತ್ತು. ಮೂರನೆಯ ಬೆಳಗ್ಗೆ ಮೊಮ್ಮಗಳು ಬಚ್ಚಲ ಬಾಗಿಲಲ್ಲಿ ನಿಂತು, "ಇವತ್ತು ಮೊದಲು ಅಜ್ಜಿ" ಎಂದಳು. ಒಳಗಿನಿಂದ ಅಜ್ಜಿಯ ದನಿ ಬಂತು: "ಹಂಡೆ ನೀರಿನ ಥರಾನೇ ಐತಲ್ಲವ್ವ!"