ನಿಮಗಿದು ಗೊತ್ತೆ? ಪಾಪ್ ಗಾಯಕನ ಮೈಕಿನ ಮುಂದೆ ಪ್ರಧಾನಿಗಳು

ಬ್ರಿಟನ್ನಿನ ಜಿಮ್ಮಿ ಯಂಗ್ 1955ರಲ್ಲಿ ಹಾಡಿದ ‘ಅನ್‌ಚೈನ್ಡ್ ಮೆಲಡಿ’ ಅಲ್ಲಿನ ಹಿಟ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ‘ದಿ ಮ್ಯಾನ್ ಫ್ರಮ್ ಲಾರಮಿ’ ಕೂಡ. ಮುಂದೆ ರಾಕ್ ಅಂಡ್ ರೋಲ್ ಅಬ್ಬರಿಸಿದಾಗ ಇಂಥ ಮೆಲುದನಿಯ ಗಾಯಕರನ್ನು ಕೇಳುವವರು ಕಡಿಮೆಯಾದರು. ಯಂಗ್ ರೇಡಿಯೊ ಹಿಡಿದರು.

ಗಣಿ ಕಾರ್ಮಿಕನ ಮಗ. ವಾಯುಪಡೆಯಲ್ಲಿ ವ್ಯಾಯಾಮ ಶಿಕ್ಷಕರೂ ಆಗಿದ್ದವರು. 1967ರಲ್ಲಿ ಬಿಬಿಸಿ ರೇಡಿಯೊ 1 ಶುರುವಾದಾಗಲೇ ಅಲ್ಲಿ ಸೇರಿ, 1973ರಲ್ಲಿ ರೇಡಿಯೊ 2ಕ್ಕೆ ಬಂದರು. ಅವರ ಕಾರ್ಯಕ್ರಮದಲ್ಲಿ ಅಡುಗೆಯದೂ ಒಂದು ಭಾಗ. ಟೇಪಿನ ವೇಗ ಹೆಚ್ಚಿಸಿ ಮಾಡಿದ ಕೀಚಲು ದನಿಯೊಂದು, ‘ಇವತ್ತೇನಪ್ಪಾ ಅಡುಗೆ, ಜಿಮ್?’ ಎಂಬಂತೆ ಕೇಳುತ್ತಿತ್ತು. ಯಂಗ್ ಸಾಮಗ್ರಿಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು.

ಅದೇ ಕಾರ್ಯಕ್ರಮದಲ್ಲಿ, ಇದೇ ಮನುಷ್ಯನ ಎದುರು, ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹಲವು ಸಲ ಕೂತು ಉತ್ತರ ಕೊಟ್ಟಿದ್ದಾರೆ! ಯಂಗ್ ಜಗಳ ತೆಗೆಯುವ ಸಂದರ್ಶಕರಲ್ಲ. ನಯವಾಗಿ ಕೇಳಿ ಬಾಯಿ ಬಿಡಿಸುವವರು. ರಾಜಕಾರಣಿಗಳಿಗೆ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡ ಲಕ್ಷಾಂತರ ಮತದಾರರೂ ಬೇಕಿದ್ದರೆನ್ನಿ.

2002ರಲ್ಲಿ ‘ಸರ್’ ಪದವಿ ಬಂತು. ಅದೇ ಡಿಸೆಂಬರಿನಲ್ಲಿ, 81ರ ವಯಸ್ಸಿನಲ್ಲಿ, ಕಾರ್ಯಕ್ರಮ ನಿಂತಿತು. ಬಿಡುವ ಮನಸ್ಸು ಅವರಿಗಿರಲಿಲ್ಲ, ಅದನ್ನವರು ಮುಚ್ಚಿಡಲೂ ಇಲ್ಲ. ರೇಡಿಯೊದಲ್ಲಿ ಆ ವೇಳೆಗೆ ಅವರ ಬದಲು ಬಂದವರು ಜೆರೆಮಿ ವೈನ್. ಯಂಗ್ 2016ರಲ್ಲಿ ತೀರಿಕೊಂಡರು.

ಅಂದಹಾಗೆ ‘ಅನ್‌ಚೈನ್ಡ್ ಮೆಲಡಿ’ ಬ್ರಿಟನ್ನಿನಲ್ಲಿ 1990, 1995 ಮತ್ತು 2002ರಲ್ಲಿ ಬೇರೆಯವರ ದನಿಯಲ್ಲಿ ಮತ್ತೆ ಮೂರು ಸಲ ಮೊದಲ ಸ್ಥಾನಕ್ಕೆ ಬಂದಿದೆ.